ಮಾಚಿಕಾಯಿಯ ಮಸಿ

ಇವತ್ತು ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಕೂಸಿಗೆಂದು ಮಾಚಿಕಾಯಿ ತೇಯುತ್ತಿದ್ದೆ. ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಇಂಥದ್ದೇನೂ ಕೂಸಿಗೆ ನೆಕ್ಕಿಸಬಾರದೆಂದು ಅವಳ ಡಾಕ್ಟರು ಹೇಳಿದ್ದಾರಂತೆ. "ಅಜ್ಜಿ, ಬ್ಯಾಡಂದ್ರ ಬ್ಯಾಡ ನೋಡು" ಎಂದು ಅವಳು ಒಳಗಿನಿಂದ ಕೂಗುತ್ತಾಳೆ. ನಾನು "ಹೂನವ್ವಾ" ಎನ್ನುತ್ತ ತೇಯುತ್ತೇನೆ. ನೆಕ್ಕಿಸುವುದಿಲ್ಲ ಬಿಡಿ, ಅಷ್ಟು ಧೈರ್ಯ ನನಗೂ ಇಲ್ಲ. ಆದರೆ ಮನೆಯಲ್ಲಿ ಕೂಸಿದ್ದೂ ಸಾಣೆಕಲ್ಲು ಒಣಗಿ ಬಿದ್ದಿರುವುದು ನನ್ನ ಕಣ್ಣಿಗೆ ಸೇರುವುದಿಲ್ಲ.

ನೀವು ಮಾಚಿಕಾಯಿ ನೋಡಿದ್ದೀರೋ ಇಲ್ಲವೋ. ಬಾರೆಹಣ್ಣಿನ ಗಾತ್ರ, ಮೈತುಂಬ ಗುಬುಟು, ಕಲ್ಲಿನಂಥ ಗಟ್ಟಿ. ಹೆಸರಿಗೆ ಕಾಯಿ, ನಿಜಕ್ಕೂ ಕಾಯಿಯಲ್ಲ. ಯಾವುದೋ ದೂರದೇಶದ ಮರಕ್ಕೆ ಹುಳ ಕಚ್ಚಿ ಎದ್ದ ಗಂಟು. ಬಾಯಿಗಿಟ್ಟರೆ ನಾಲಿಗೆ ಸೊಟ್ಟಗಾಗುವಷ್ಟು ಒಗರು. ತೇಯ್ದ ಕೈಯಲ್ಲೇ ನಾನು ತುಕ್ಕು ಹಿಡಿದ ಬಕೀಟಿನ ಹಿಡಿಕೆ ಮುಟ್ಟಿದ್ದೆನೆಂದು ಕಾಣುತ್ತದೆ, ನೋಡನೋಡುತ್ತ ಬೆರಳ ತುದಿಗಳು ಕರ್ರಗಾದವು. ಒಗರಿಗೂ ಕಬ್ಬಿಣಕ್ಕೂ ಹಳೆಯ ಸಂಬಂಧ. ಸಾಲಿ ಮಕ್ಕಳಿಗೆ ಹಿಂದೆ ಮಸಿ ಮಾಡುತ್ತಿದ್ದದ್ದೂ ಹೀಗೆಯೇ. ಇಷ್ಟೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ ಗೊತ್ತೇ? ಎಡಗೈಯಿಂದ ಸರಕ್ಕನೆ ಸೆರಗು ಎಳೆದು ಬಲಗೈ ಮುಚ್ಚಿಕೊಂಡೆ. ಹಿತ್ತಲಲ್ಲಿ ಬೆಕ್ಕೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಬೆಕ್ಕಿನ ಮುಂದೆ ಕೈ ಮುಚ್ಚಿಕೊಳ್ಳುವ ಮುದುಕಿ ನಾನು. ಯಾಕೆಂದು ಹೇಳುತ್ತೇನೆ, ನೀವೂ ಈ ಕಟ್ಟೆಯ ಮೇಲೆ ಕೂತುಕೊಳ್ಳಿ.

ನನ್ನ ತವರು ನವಲಿ. ಕೊಪ್ಪಳಕ್ಕೆ ಸೊಸೆಯಾಗಿ ಬಂದಾಗ ಇದು ಜಹಗೀರಿನ ಊರು. ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ, ನಮ್ಮ ಮನೆಯಲ್ಲಿ ಎರಡೂ ಕಲಸಿದ ಒಂದು ಭಾಷೆ. ಯಾಕೆಂದರೆ ನಮ್ಮ ಯಜಮಾನರು ಫೋಟೋ ತೆಗೆಯುವವರು, ಗಿರಾಕಿಗಳಲ್ಲಿ ಅರ್ಧ ಕಚೇರಿಯ ಮಂದಿ. ಶೇರ್ವಾನಿ ತೊಟ್ಟು, ಟೊಪ್ಪಿಗೆ ಇಟ್ಟು, "ತಸ್ಬೀರು ತೆಗೀರಿ" ಎಂದು ಬಂದು ಕುರ್ಚಿಯ ಮೇಲೆ ನೆಟ್ಟಗೆ ಕೂಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದಿದ್ದ ಯಜಮಾನರು ಮನೆಯ ಅಂಗಳವನ್ನೇ ಸ್ಟುಡಿಯೋ ಮಾಡಿ, ಪಡಸಾಲೆಗೆ ಹೊಂದಿದ ಕಾಳಿನ ಕೋಣೆಯ ಕಿಟಕಿಗೆ ಕರಿಯ ಕಂಬಳಿ ಬಡಿದು ಕತ್ತಲಕೋಣೆ ಮಾಡಿದ್ದರು. ಅವರು ಹೊರಗೆ ಗಿರಾಕಿಯ ಗದ್ದ ಎತ್ತಿಸುತ್ತ ನಿಂತರೆ ಒಳಗೆ ಗಾಜಿನ ಪ್ಲೇಟನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕಾಯಿತು. ಹಾಗೆ ನಾನು ಒಳಗೆ ಹೋದೆ. ರೊಟ್ಟಿ ಬಡಿಯಲು ಬಂದವಳು ಬೆಳ್ಳಿಯ ಉಪ್ಪು ಎಬ್ಬಿಸುವವಳಾದಳು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಬೆಳ್ಳಿಯ ಉಪ್ಪು ಎಂದದ್ದು ಚೇಷ್ಟೆಯಲ್ಲ. ಪ್ಲೇಟಿನ ಮೇಲೆ ಬಳಿದಿರುವುದು ಅದೇ. ಬೆಳಕು ಬಿದ್ದಲ್ಲಿ ಅದು ಒಳಗೊಳಗೇ ಕದಲಿರುತ್ತದೆ, ಆದರೆ ಕಣ್ಣಿಗೇನೂ ಕಾಣದು. ಡೆವಲಪರ್ ಎಂಬ ನೀರಿನಲ್ಲಿ ಇಳಿಸಿದರೆ ಮಾತ್ರ ಕದಲಿದ ಉಪ್ಪು ಕರಿಯ ಬೆಳ್ಳಿಯಾಗಿ ನಿಲ್ಲುತ್ತದೆ. ಆ ನೀರಿಗೆ ಆಗ ನಮ್ಮದು ಎರಡು ಪುಡಿಗಳ ಕಾರುಬಾರು. ಮೆಟಾಲ್ ಎಂಬುದು ಚುರುಕು. ಪ್ಲೇಟು ಇಳಿಸಿದ ಕೂಡಲೇ ಮೂಗು, ಕಣ್ಣು, ಮೀಸೆ ಎಲ್ಲವನ್ನೂ ತೆಳ್ಳಗೆ ತಂದು ನಿಲ್ಲಿಸುತ್ತದೆ, ಆದರೆ ಗಾಢ ತರುವ ಶಕ್ತಿ ಅದಕ್ಕಿಲ್ಲ. ಹೈಡ್ರೋಕ್ವಿನೋನ್ ನಿಧಾನ. ಎದ್ದು ಕೂತ ಮೇಲೆ ಮಾತ್ರ ಗಚ್ಚಾಗಿ ಕರ್ರಗೆ ಮಾಡುತ್ತದೆ, ಚಳಿ ಬಿದ್ದರೆ ಏಳುವುದೇ ಇಲ್ಲ. ನಾನು ಮೆಟಾಲಿಗೆ ನಾದಿನಿ ಶಾಂತವ್ವನ ಹೆಸರಿಟ್ಟಿದ್ದೆ. ಇನ್ನೊಂದಕ್ಕೆ ಯಾರ ಹೆಸರಿಟ್ಟಿದ್ದೆ ಎಂದು ನೀವು ಊಹಿಸಿರುತ್ತೀರಿ, ಅತ್ತೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಎರಡೂ ಕೂಡಿದರೆ ಒಂದೊಂದೇ ಮಾಡುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದವು. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು.

ತೊಂದರೆ ಎರಡು ಕಡೆಯಿಂದ ಬಂತು. ಮೊದಲನೆಯದು ಮೆಟಾಲಿನಿಂದ. ಅದು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ನನಗಂತೂ ಒಗ್ಗಲಿಲ್ಲ. ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಗುಳ್ಳೆ, ಆಮೇಲೆ ಚರ್ಮ ಸುಲಿದು ಕೆಂಪಾಗಿ ಬಿರುಕು. ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹೊಯ್ದರೆ ಪ್ರಾಣ ಹೋದಂತಾಗುತ್ತಿತ್ತು. ಎರಡನೆಯ ತೊಂದರೆ ಒಂದು ಮಾತಿನಿಂದ ಬಂತು. ಯಜಮಾನರು ಕಚೇರಿಯ ಗಿರಾಕಿಗಳ ಸಹವಾಸದಲ್ಲಿ ಡೆವಲಪರಿಗೆ "ದವಾ" ಎನ್ನುತ್ತಿದ್ದರು. ಅಂಗಳದಿಂದಲೇ ಕೂಗುವುದು: "ದವಾ ಹಾಕಿದಿ ಏನು?" "ದವಾ ಹಳೇದಾಗೇತಿ, ಹೊಸಾದು ಮಾಡ್ಕೋ." ನಮಗೆ ಅದು ದಿನದ ಮಾತು. ಕೇಳಿದವರಿಗೆ ದವಾ ಎಂದರೆ ಔಷಧ.

ಆಗ ಶಾಂತವ್ವನಿಗೆ ಗಂಡು ನೋಡುತ್ತಿದ್ದರು. ಕುಷ್ಟಗಿಯಿಂದ ದೂರದ ಬಳಗದ ಹೆಂಗಸೊಬ್ಬಳು ಒಂದು ಸಂಬಂಧ ಹಿಡಿದು ಬಂದಳು. ಪಡಸಾಲೆಯಲ್ಲಿ ಕೂತು ಹುಡುಗಿಯನ್ನು ನೋಡಿದಳು, ನೀರು ತಂದುಕೊಟ್ಟ ನನ್ನ ಕೈ ನೋಡಿದಳು, ಯಜಮಾನರು ಕೂಗುವುದನ್ನೂ ಕೇಳಿದಳು. ಚಹಾ ಕುಡಿದು ಸುಮ್ಮನೆ ಎದ್ದು ಹೋದಳು. ಅವಳು ಹೇಳಿದ ಮಾತು ಆಮೇಲೆ ಸುತ್ತಿ ಬಳಸಿ ನಮ್ಮ ಕಿವಿಗೆ ಬಿತ್ತು: "ಹುಡುಗಿ ಛಲೋ ಅದಾಳ್ರಿ. ಆದ್ರ ಮನ್ಯಾಗ ದೊಡ್ಡ ಜಡ್ಡು ಐತಿ. ಸೊಸಿಗೆ ದಿನಾ ದವಾ ನಡದೈತಿ."

ದೊಡ್ಡ ಜಡ್ಡು ಎಂದರೆ ಕುಷ್ಠ. ಆ ಸಂಬಂಧ ಮುರಿಯಿತು. ಅತ್ತೆ ಮೂರು ಹೊತ್ತೂ ಅತ್ತರು. ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಶಾಂತವ್ವ ಮಾತ್ರ ನನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಬಿಡು ವೈನಿ, ಆ ಗಂಡಿಗೆ ಹಲ್ಲ ಇರಲಿಲ್ಲಂತ" ಎಂದು ನಗಿಸಿದಳು. ಅಂದಿನಿಂದ ಅತ್ತೆ ಮನೆಯಲ್ಲಿ ದವಾ ಎಂಬ ಮಾತನ್ನೇ ನಿಲ್ಲಿಸಿದರು. "ತೊಳಿಯೂದು ಅನ್ರಿ. ಊರ ಮಂದಿಯೆಲ್ಲಾ ಫೋಟೋ ತೊಳಸೂದು ಅಂತಾರ, ನೀವೂ ಹಂಗ ಅನ್ರಿ" ಎಂದು ಮಗನಿಗೆ ತಾಕೀತು ಮಾಡಿದರು. ಒಂದು ಮಾತನ್ನು ಹೊರಗೆ ಹಾಕಿ ಇನ್ನೊಂದನ್ನು ಒಳಗೆ ಕರೆದುಕೊಂಡೆವು. ಬಾಣಲೆಯಿಂದ ಬೆಂಕಿಗೆ ಬೀಳುವುದೆಂದರೆ ಹೀಗೇ ಇರಬೇಕು.

ಅಷ್ಟರಲ್ಲಿ ಜರ್ಮನಿಯ ಯುದ್ಧ ಸುರುವಾಯಿತು. ಮೆಟಾಲ್ ಬಹಳ ಮಟ್ಟಿಗೆ ಅತ್ತ ಕಡೆಯದೇ ಆಗಿದ್ದರಿಂದ ಪೇಟೆಯಲ್ಲಿ ಸಿಗುವುದು ಕಷ್ಟವಾಯಿತು. ನನಗೋ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಯಜಮಾನರು ಹುಬ್ಬಳ್ಳಿಯಿಂದ ಹಳೆಯ ಕಾಲದ ಪುಡಿಯೊಂದನ್ನು ತಂದರು. ಹೆಸರು ಪೈರೋ. ಹತ್ತಿಯಂತೆ ಹಗುರ, ಉಸಿರು ಬಿಟ್ಟರೆ ಹಾರುತ್ತಿತ್ತು. "ಇದು ಯಾತರದು ಗೊತ್ತೈತಿ? ಮಾಚಿಕಾಯಿದು" ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ಮಾಚಿಕಾಯಿಯ ಒಗರನ್ನು ತೆಗೆದು, ಅದನ್ನು ಕಾಸಿ ಈ ಪುಡಿ ಮಾಡುತ್ತಾರಂತೆ. "ಮತ್ತ ಅದನ್ನ ನಾವು ಕೂಸಿಗೆ ನೆಕ್ಕಸ್ತೀವಲ್ರಿ!" ಎಂದೆ. "ಅದು ಬ್ಯಾರೆ, ಇದು ವಿಷ. ಕೈ ತೊಳಕೊಳ್ಳದ ರೊಟ್ಟಿ ಮುಟ್ಟಬ್ಯಾಡ" ಎಂದರು. ಆದರೂ ತವರಿನ ಯಾರೋ ಬಂದು ಕೋಣೆಯಲ್ಲಿ ಕೂತಂತೆ ನನಗೆ ಅನಿಸಿತು. ಎಷ್ಟಾದರೂ ಕಂಡವರ ಮನೆಯ ಪುಡಿಯಲ್ಲ.

ಪೈರೋಗೆ ಗಾಳಿ ಆಗದು. ನೀರಿನಲ್ಲಿ ಕರಗಿಸಿ ಬಿಟ್ಟರೆ ಗಾಳಿ ಕುಡಿದು ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಸಲ್ಫೈಟು ಹಾಕಿ ತಡೆಯುವುದು, ಸೋಡಾವನ್ನು ಬೇರೆ ಶೀಸೆಯಲ್ಲಿಟ್ಟು ಕಡೆಯ ಗಳಿಗೆಯಲ್ಲಿ ಬೆರೆಸುವುದು. ಸೋಡಾ ಬಿದ್ದ ಕೂಡಲೇ ಅದಕ್ಕೆ ಜೀವ ಬರುತ್ತದೆ, ಆಗ ಬೆಳ್ಳಿಯನ್ನೂ ಎಬ್ಬಿಸುತ್ತದೆ, ತಾನೂ ಕಪ್ಪಾಗುತ್ತದೆ, ಮುಟ್ಟಿದವರನ್ನೂ ಕಪ್ಪು ಮಾಡುತ್ತದೆ. ತುರಿಕೆ ಹೋಯಿತು, ಗುಳ್ಳೆ ಹೋಯಿತು. ಬೆರಳು ಉಗುರು ಎಲ್ಲ ಕಂದುಗಪ್ಪಾದವು. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ, ಕಲೆ ಯಾವುದಕ್ಕೂ ಜಗ್ಗಲಿಲ್ಲ. ಒಂದು ವಿಚಿತ್ರ ಹೇಳುತ್ತೇನೆ. ಕತ್ತಲಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಕಂದೀಲು ಇರುತ್ತಿತ್ತಲ್ಲ, ಆ ಕೆಂಪು ಬೆಳಕಿನಲ್ಲಿ ಕಂದು ಕಲೆ ಕಾಣುತ್ತಲೇ ಇರಲಿಲ್ಲ. ಅಲ್ಲಿ ನನ್ನ ಕೈ ಮದುಮಗಳ ಕೈ. ಬಾಗಿಲು ತೆರೆದರೆ ಮತ್ತೆ ಅದೇ ಕೈ. ಹಾಗಾಗಿ ಕೆಲಸವಿಲ್ಲದಾಗಲೂ ನಾನು ಒಳಗೇ ಏನಾದರೂ ಹುಡುಕುತ್ತ ನಿಲ್ಲುತ್ತಿದ್ದೆ.

ಮುಂದೆ ಬೇವೂರಿನಿಂದ ಒಂದು ಸಂಬಂಧ ಬಂತು. ಹೊಲ ಮನೆ ಚೆನ್ನಾಗಿದ್ದ ಒಕ್ಕಲುತನದವರು. ಗಂಡಿನ ತಾಯಿ ಗೌರಮ್ಮ ಎಂಬವರದೇ ಆ ಮನೆಯಲ್ಲಿ ಕೊನೆಯ ಮಾತು ಎಂದು ಸುದ್ದಿ. ಅವರು ಬರುವ ದಿನ ಬೆಳಿಗ್ಗೆಯೇ ಅತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದರು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. "ಇವತ್ತೊಂದಿನ ಹೊರಗ ಬರಬ್ಯಾಡ ನನ್ನವ್ವಾ. ನವಲಿಗೆ ಹೋಗ್ಯಾಳ ಅಂತೀನಿ. ಇದೂ ತಪ್ಪಿತಂದ್ರ ನನ್ನ ಮಗಳು ಮನ್ಯಾಗ ಉಳೀತಾಳ" ಎಂದರು. ನಾನು ಹೂಂ ಎಂದೆ. ಶಾಂತವ್ವನಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು, ಆದರೆ ಪೂರ್ತಿ ನಿಜವಲ್ಲ. ಆ ಕೈ ಹೊತ್ತು ಹೊರಗೆ ಬರುವುದು ನನಗೂ ಬೇಡವಾಗಿತ್ತು.

ಬೀಗರು ಬಂದರು. ಹುಡುಗಿ ಒಪ್ಪಿಗೆಯಾದಂತೆ ಕಂಡಿತು. ಯಜಮಾನರಿಗೆ ಹಿಗ್ಗೋ ಹಿಗ್ಗು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಒಂದು ಪ್ಲೇಟು ಹೊಡೆದೇ ಬಿಟ್ಟರು. ಬಾಗಿಲ ಸಂದಿಯಿಂದ ಅದನ್ನು ನನ್ನ ಕೈಗೆ ದಾಟಿಸಿದರು. ನಾನು ಪೈರೋಗೆ ಸೋಡಾ ಬೆರೆಸಿ ಪ್ಲೇಟು ಇಳಿಸಿದೆ. ಪಡಸಾಲೆಯಲ್ಲಿ ಉಪ್ಪಿಟ್ಟಿನ ತಾಟುಗಳ ಸದ್ದು. "ಹಿರೇ ಸೊಸಿ ಎಲ್ಲೆದಾಳ್ರಿ?" ಎಂದು ಗೌರಮ್ಮ ಕೇಳಿದ್ದು, "ತವರಿಗೆ ಹೋಗ್ಯಾಳ್ರಿ, ನವಲಿಗೆ" ಎಂದು ಅತ್ತೆ ಹೇಳಿದ್ದು ಎರಡೂ ನನಗೆ ಸ್ಪಷ್ಟವಾಗಿ ಕೇಳಿದವು. ಪೈರೋದ ತಟ್ಟೆಯಲ್ಲಿ ಆಗತಾನೆ ಗೌರಮ್ಮನ ಸೀರೆಯ ಅಂಚು ಮೂಡುತ್ತಿತ್ತು. ನಾನು ಪ್ಲೇಟನ್ನು ತೊಳೆದು, ಮೂಡಿದ್ದು ಮಾಸದಂತೆ ನಿಲ್ಲಿಸುವ ಹೈಪೋಗೆ ಹಾಕಿದೆ.

ಯಜಮಾನರಿಗೆ ಅಮ್ಮನ ಈ ಏರ್ಪಾಟು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಿಗ್ಗಿನಲ್ಲಿ ಮರೆತರೋ, ಇವತ್ತಿಗೂ ತಿಳಿಯದು. ಪಡಸಾಲೆಯಿಂದ ದೊಡ್ಡ ದನಿಯಲ್ಲಿ ಕೂಗಿದರು: "ಏ, ತೊಳಿದಾತೇನು? ತಗೊಂಡು ಬಾ, ಎಲ್ಲಾರೂ ನೋಡ್ಲಿ!"

ಪಡಸಾಲೆಯಲ್ಲಿ ತಾಟುಗಳ ಸದ್ದು ನಿಂತಿತು.

"ಒಳಗ ಯಾರ್ರಿ ತೊಳಿಯಾಕ ಹತ್ಯಾರ?" ಗೌರಮ್ಮನ ದನಿ.

"ಕೆಲಸದಾಕಿರಿ. ಭಾಂಡೆ ತೊಳಿಯಾಕ ಬಂದಾಳ" ಎಂದರು ಅತ್ತೆ.

ನಾನು ಕಾದೆ. ಯಜಮಾನರು ಏನಾದರೂ ಅನ್ನುತ್ತಾರೆಂದು ಕಾದೆ. ಕ್ಯಾಮರಾದ ಮುಕ್ಕಾಲಿಯ ತಿರುಪು ಬಿಗಿಯುವ ಕಿರಿಕಿರಿ ಸದ್ದು ಕೇಳಿತು, ಅಷ್ಟೇ. ಬಿಗಿಯಬೇಕಾಗುವಷ್ಟು ಸಡಿಲಾದ ತಿರುಪೇ ಅದರಲ್ಲಿರಲಿಲ್ಲ, ನನಗೆ ಗೊತ್ತು. ಕರೆದ ಮೇಲೆ ಹೊರಗೆ ಹೋಗದೆ ನಿರ್ವಾಹವಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡೆ, ಒದ್ದೆ ಪ್ಲೇಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ, ಬಾಗಿಲು ತೆರೆದೆ. ಪ್ಲೇಟು ಹಿಡಿದ ಮೇಲೆ ಕೈ ಮುಚ್ಚಿಕೊಳ್ಳುವುದು ಹೇಗೆ? ಹಗಲ ಬೆಳಕಿನಲ್ಲಿ ಹತ್ತೂ ಬೆರಳು ಎಲ್ಲರ ಮುಂದೆ ನಿಂತವು.

ಗೌರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಯಾವ ಊರಾಕಿ ತಂಗಿ ನೀನು?"

"ನವಲಿರಿ" ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದೇ. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಹೌದಾ? ಈ ಮನಿ ಸೊಸಿನೂ ನವಲಿಯಾಕಿನ ಅಂತ. ಎಷ್ಟು ಮನಿ ಮಾಡ್ತಿ?"

"ಇದೊಂದ ಮನಿರಿ."

"ಕೈ ಯಾಕವ್ವಾ ಹಿಂಗಾಗ್ಯಾವು?"

"ಭಾಂಡೆ ಮಸಿರಿ."

ಆ ಮಾತು ನಾನು ಆಡಿದ್ದು, ಅತ್ತೆಯಲ್ಲ. ಭಾಂಡೆ ತಿಕ್ಕುವುದರಲ್ಲಿ ನಾಚಿಕೆಯಿಲ್ಲ. ಮನೆಯ ಭಾಂಡೆಯನ್ನೆಲ್ಲ ತಿಕ್ಕಿದವಳೂ ನಾನೇ. ಆದರೆ ನನ್ನ ಕೈಯ ಮಸಿ ಭಾಂಡೆಯದಾಗಿರಲಿಲ್ಲ. ಅದು ನಾನು ಕಲಿತ ವಿದ್ಯೆಯ ಮಸಿ. ಸುತ್ತಲ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಅಜ್ಜಂದಿರು, ಮದುಮಕ್ಕಳು, ಕುಲಾವಿ ಕಟ್ಟಿಕೊಂಡ ಕೂಸುಗಳು ಈ ಬೆರಳುಗಳ ಸಂದಿಯಿಂದ ಎದ್ದು ಬಂದಿದ್ದರು. ಅದನ್ನು ನಾನು ಎರಡೇ ಮಾತಿನಲ್ಲಿ ಬಚ್ಚಲಿಗೆ ಚೆಲ್ಲಿದೆ.

ಯಜಮಾನರು ಬಂದು ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಎತ್ತಿ ಹಿಡಿದರು. ಗಾಜಿನಲ್ಲಿ ಬೀಗರೆಲ್ಲರ ಮುಖ ಕರ್ರಗೆ, ಕೂದಲು ಬೆಳ್ಳಗೆ. "ಅಯ್ಯ ನನ್ನ ಶಿವನ! ನನ್ನ ಮಾರಿಗೆ ಯಾರು ಮಸಿ ಬಡದ್ರು?" ಎಂದು ಗೌರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಎಲ್ಲರೂ ನಕ್ಕರು. "ಇದ್ರಾಗ ಕರೀದು ಬಿಳಿ, ಬಿಳೀದು ಕರಿ ಕಾಣ್ತೈತ್ರಿ. ಕಾಗದದ ಮ್ಯಾಲ ಇಳಿಸಿದ ಮ್ಯಾಲ ಸರಿಹೋಗತೈತಿ" ಎಂದು ಯಜಮಾನರು ವಿವರಿಸಿದರು. ಗೌರಮ್ಮ ಗಾಜಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಹಂಗಾರ ಈ ತಂಗಿ ಕೈ ಇದ್ರಾಗ ಬೆಳ್ಳಗ ಬರ್ತಿದ್ವು ನೋಡು" ಎಂದರು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಹಿಂದೆ ಕೂತೆ.

ಸಂಜೆ ಕತ್ತಲಕೋಣೆಗೆ ಹೋದರೆ ತಟ್ಟೆಯ ಪಕ್ಕದಲ್ಲಿ ಹೆಚ್ಚಿದ ಲಿಂಬಿಹಣ್ಣು ಇತ್ತು. ಕಲೆಗೆ ಹುಳಿ ಒಳ್ಳೆಯದೆಂದು ಯಜಮಾನರು ಇಟ್ಟಿದ್ದು. "ಪ್ಲೇಟು ಛಲೋ ಬಂದೈತಿ" ಎಂದರು, ಅಷ್ಟೇ. ಅವರ ಮೇಲೆ ಸಿಟ್ಟು ಮಾಡಬೇಕೆಂದಿದ್ದೆ, ಆಗಲಿಲ್ಲ. ಅವರು ಸುಮ್ಮನಿದ್ದ ಹೊತ್ತಿನಲ್ಲಿ ನಾನು ಸುಮ್ಮನೂ ಇರಲಿಲ್ಲವಲ್ಲ, ಬಾಯಿಬಿಟ್ಟು ಸುಳ್ಳು ಹೇಳಿದ್ದೆ. ಲಿಂಬಿಹಣ್ಣನ್ನು ತಿಕ್ಕಿದೆ. ಮಾಯದೆ ಉಳಿದಿದ್ದ ಹಳೆಯ ಬಿರುಕಿಗೆ ಹುಳಿ ಇಳಿದು ಉರಿಯಿತು, ಕಲೆ ಮಾತ್ರ ಹಾಗೇ ಉಳಿಯಿತು.

ಸಂಬಂಧ ಗಟ್ಟಿಯಾಯಿತು. ಆಮೇಲೆ ನೋಡಿ ಅತ್ತೆಗೆ ಬೆವರು. ಮದುವೆಯಲ್ಲಿ ಬೀಗತಿಯ ಉಡಿ ತುಂಬುವವಳು ಹಿರೇ ಸೊಸೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲ್ಲವನ್ನೂ ಇದೇ ಕೈಯಿಂದ ಗೌರಮ್ಮನ ಸೆರಗಿಗೆ ಹಾಕಬೇಕು. ಅತ್ತೆ ಯೋಚಿಸಿ ಯೋಚಿಸಿ ಒಂದು ಉಪಾಯ ಹುಡುಕಿದರು. ಮದರಂಗಿ. ಮದುಮಗಳಿಗಿಂತ ಹೆಚ್ಚು ನನಗೆ ಹಚ್ಚಿದರು. ಉಗುರು, ಬೆರಳ ಸಂದಿ, ಮುಂಗೈವರೆಗೆ ಗಿಲಾವು ಮಾಡಿದಂತೆ ಮೆತ್ತಿ ಬಟ್ಟೆ ಕಟ್ಟಿದರು. ಶಾಂತವ್ವ ನೋಡಿ, "ವೈನಿದು ಎರಡನೇ ಮದಿವಿ" ಎಂದು ನಗಾಡಿದಳು. ಬೆಳಿಗ್ಗೆ ತೊಳೆದರೆ ಕೈ ರಕ್ತಗೆಂಪು. ಕಪ್ಪು ಅದರ ಕೆಳಗೆ ಅಡಗಿತ್ತು. ನನಗೂ ಹಗುರೆನಿಸಿತು.

ಉಡಿ ತುಂಬುವಾಗ ಕಣ್ಣು ಎತ್ತಲಿಲ್ಲ. ಮೊದಲ ಬೊಗಸೆ ಅಕ್ಕಿ ಹಾಕುತ್ತಿದ್ದಂತೆ ಗೌರಮ್ಮ ನನ್ನ ಕೈಯನ್ನು ಸೆರಗಿನೊಳಗೇ ಹಿಡಿದುಕೊಂಡರು. "ಮದರಂಗಿ ಭಾಳ ಛಲೋ ಹತ್ತೇತಿ. ಅತ್ತಿ ಪ್ರೀತಿ ಜಾಸ್ತಿ ಇದ್ರ ಕೆಂಪು ಹತ್ತತೈತಿ ಅಂತಾರ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅತ್ತೆಯ ಮುಖ ಅರಳಿತು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಭಾಂಡೆ ಮಸಿ ಮ್ಯಾಲ ಇಷ್ಟು ಛಲೋ ಹತ್ತತೈತಿ ಅಂತ ನನಗ ಗೊತ್ತಿರಲಿಲ್ಲ" ಎಂದರು.

ಅಕ್ಕಿ ನನ್ನ ಬೊಗಸೆಯಿಂದ ನೆಲಕ್ಕೆ ಸೋರಿತು.

"ಅವತ್ತ ಗೊತ್ತಾಗಿತ್ತು ನನಗ. ಕೆಲಸದಾಕಿ ಗಾಜನ್ನ ಹಸಿಗೂಸು ಹಿಡಿದಂಗ ಹಿಡೀತಾಳೇನು? ನಿಮ್ಮತ್ತಿ ಮಗಳ ಸಂಬಂಧ ಸುಳ್ಳು ಹೇಳಿದ್ಲು, ತಾಯಿ ಕರುಳು, ಹೇಳ್ಲಿ ಬಿಡು. ನಿನಗೇನಾಗಿತ್ತು ತಂಗಿ? ನಾ ಈ ಮನಿ ಸೊಸಿ ಅನ್ನಾಕ ನಿನಗ ಬಾಯಿರಲಿಲ್ಲ?"

ಉತ್ತರಕ್ಕೆ ಅವರು ಕಾಯಲಿಲ್ಲ. ಕೈ ಬಿಟ್ಟು, "ತುಂಬವ್ವಾ, ಉಡಿ ಅರ್ಧಾ ಬಿಡಬಾರದು" ಎಂದು ಸೆರಗು ಹಿಡಿದು ನಿಂತರು. ಆ ಮಾತನ್ನು ಅವರು ಯಾರ ಮುಂದೆಯೂ ಆಡಲಿಲ್ಲ. ಶಾಂತವ್ವನನ್ನು ಮಗಳಂತೆ ನೋಡಿಕೊಂಡರು. ಅಂದರೆ ಎಲ್ಲ ಗೊತ್ತಿದ್ದೇ ಒಪ್ಪಿದ್ದರು. ನಮ್ಮ ಸುಳ್ಳಿನಿಂದ ಯಾರಿಗೂ ಏನೂ ಉಪಕಾರವಾಗಿರಲಿಲ್ಲ. ಅವರು ಹಬ್ಬಕ್ಕೆ ಹುಣ್ಣಿವೆಗೆ ಬಂದಾಗಲೆಲ್ಲ ನಾನು ಒಲೆಯ ಮುಂದೆ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಯಜಮಾನರು ಎಷ್ಟು ಸಲ ಕ್ಯಾಮರಾ ಮುಂದೆ ಕೂಡಿಸಿದರೂ ಕೈ ಸೆರಗಿನೊಳಗೇ. ನನ್ನ ಫೋಟೋಗಳು ಸಾಕಷ್ಟಿವೆ. ಅವುಗಳಲ್ಲಿ ಹುಡುಕಿದರೂ ನಿಮಗೆ ನನ್ನ ಬೆರಳು ಸಿಗುವುದಿಲ್ಲ. ಈಗ ಅತ್ತೆ ಇಲ್ಲ, ಯಜಮಾನರು ಇಲ್ಲ, ಗೌರಮ್ಮನೂ ಇಲ್ಲ. ಪೈರೋದ ಕಲೆ ಎಂದೋ ಹೋಯಿತು. ಕೈ ಮುಚ್ಚಿಕೊಳ್ಳುವ ಚಟ ಮಾತ್ರ ಹೋಗಿಲ್ಲ.

ಇಷ್ಟು ನಿಮಗೆ ಹೇಳುತ್ತಿರುವಾಗಲೇ ಮುಂಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಗಂಗಾವತಿಯಿಂದ ಮೊಮ್ಮಗಳ ಗಂಡನ ಕಡೆಯ ಹೆಣ್ಣುಮಗಳೊಬ್ಬಳು ಕೂಸು ನೋಡಲು ಬಂದಿದ್ದಳು. ಕೂಸಿಗೆ ಬೆಳ್ಳಿ ಉಡದಾರ ಕೊಟ್ಟು, ಕಾಲು ತೊಳೆಯಲು ಹಿತ್ತಲಿಗೆ ಬಂದವಳು ನನ್ನನ್ನು ನೋಡಿದಳು. ಕಟ್ಟೆಯ ಮೇಲೆ ಬಕೀಟಿನ ನೀರು ತಾಗಿ ಒದ್ದೆಯಾದ ಸೀರೆಯ ಮುದುಕಿ, ಮುಂದೆ ಸಾಣೆಕಲ್ಲು, ಕರಿಯ ಬೆರಳು. ಒಳಗೆ ತಿರುಗಿ, "ಕೂಸಿಗೆ ಎರಿಯಾಕ ಈ ಆಯಿನ್ನ ಗೊತ್ತು ಮಾಡೀರೇನ್ರಿ? ಎಷ್ಟು ಮನಿ ಮಾಡ್ತಾರ?" ಎಂದು ಕೇಳಿದಳು. ಪಾಪ, ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಸೆರಗಿನ ಕಡೆಗೆ ಹೊರಟಿದ್ದ ಕೈಯನ್ನು ತಡೆದೆ.

"ನಾ ಈ ಮನಿ ಸೊಸಿ ಅದೀನವ್ವಾ," ಎಂದೆ. "ನವಲಿಯಾಕಿ. ಫೋಟೋ ತೊಳೀತಿದ್ದೆ."

ಆ ಹೆಣ್ಣುಮಗಳು ಕಕ್ಕಾಬಿಕ್ಕಿಯಾಗಿ ನಿಂತಳು. ಒಳಗಿನಿಂದ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು: "ಅಜ್ಜಿ, ನಿನಗ ಅರಳು ಮರಳು! ಈ ಮನಿ ಸೊಸಿ ಅಂದ್ರ ನಮ್ಮವ್ವ, ನೀ ಅಲ್ಲ!" ನಗಲಿ ಬಿಡಿ. ಆ ಉತ್ತರ ಅವರಿಗೆ ಹೇಳಿದ್ದಲ್ಲ, ಗೌರಮ್ಮನಿಗೆ. ನಾನು ಕೈ ಹೊರಗೇ ಇಟ್ಟುಕೊಂಡು ಮಾಚಿಕಾಯಿ ತೇಯುತ್ತ ಕೂತೆ.